ಪುಟವಿಭಜನೆ ಪಾಠದಲ್ಲಿ ಕಾಣೆಯಾಗುವ ಹೆಸರು

ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ಎಸ್‌ಕ್ಯೂಎಲ್ ಪಾಠ ಮಾಡುವಾಗ ನಾನು ಅಡ್ಮಿಷನ್ ರಿಜಿಸ್ಟರಿನಿಂದಲೇ ಆರಂಭಿಸುತ್ತೇನೆ. 1000 ಹೆಸರುಗಳನ್ನು ವೆಬ್ ಪುಟದಲ್ಲಿ ಒಮ್ಮೆಗೇ ಸುರಿಯಲಾಗದು. ಪುಟಕ್ಕೆ 20ರಂತೆ ಕೊಡಬೇಕು. ಮೂರನೆಯ ಪುಟಕ್ಕೆ ‘ಲಿಮಿಟ್ 20 ಆಫ್‌ಸೆಟ್ 40’, ಅಂದರೆ 40 ಸಾಲು ಬಿಟ್ಟು ಮುಂದಿನ 20. ಈ ಲೆಕ್ಕ ಮಕ್ಕಳಿಗೆ ಬೇಗ ಹಿಡಿಯುತ್ತದೆ. ‘ಆರ್ಡರ್ ಬೈ’ ಇಲ್ಲದಿದ್ದರೆ ಸಾಲುಗಳ ಕ್ರಮಕ್ಕೆ ಖಾತರಿಯಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು.

ಹೆಚ್ಚು ಸಮಯ ಕೊಡಬೇಕಾದದ್ದು ಮುಂದಿನದಕ್ಕೆ. ಗುಮಾಸ್ತರು ಮೊದಲ ಪುಟಕ್ಕೆ ಅಂಕ ತುಂಬಿ ಮುಗಿಸಿದ್ದಾರೆ. ಅಷ್ಟರಲ್ಲಿ ಆ ಪುಟದ ಹುಡುಗನೊಬ್ಬ ಟಿ.ಸಿ. ಪಡೆದು ಹೋದ, ಅವನ ಸಾಲು ಅಳಿಸಿತು. 21ನೆಯವಳು ಈಗ 20ನೆಯವಳು. ಎರಡನೆಯ ಪುಟ 20 ಸಾಲು ಬಿಟ್ಟೇ ಶುರುವಾಗುವುದರಿಂದ ಅವಳು ಗುಮಾಸ್ತರ ಕಣ್ಣಿಗೇ ಬೀಳುವುದಿಲ್ಲ; ಅಂಕವೂ ಇಲ್ಲ. ಪ್ರಶಿಕ್ಷಣಾರ್ಥಿಗಳು ಇದನ್ನು ತಾವೇ ಹೇಳಿಬಿಡಬಾರದು. ಹೆಸರಿನ ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿ, ಒಂದನ್ನು ತೆಗೆಸಿ, ಯಾರು ತಪ್ಪಿಹೋದರೆಂದು ಮಕ್ಕಳೇ ಹುಡುಕಲಿ.

ಪರಿಹಾರವನ್ನೂ ಚೀಟಿಯಲ್ಲೇ ತೋರಿಸಬಹುದು: ಎಣಿಸಿ ಬಿಡುವ ಬದಲು, ಕೊನೆಗೆ ಕಂಡ ಅಡ್ಮಿಷನ್ ಸಂಖ್ಯೆಯನ್ನು ನೆನಪಿಟ್ಟು ‘ಇದಕ್ಕಿಂತ ದೊಡ್ಡ ಸಂಖ್ಯೆಯವರು 20 ಮಂದಿ’ ಎಂದು ಕೇಳುವುದು. ಆ ಸಂಖ್ಯೆಗೆ ಇಂಡೆಕ್ಸ್ ಇದ್ದರೆ ಉತ್ತರ ಬೇಗವೂ ಬರುತ್ತದೆ. ಆಫ್‌ಸೆಟ್ ಆದರೋ ಬಿಟ್ಟ ಸಾಲುಗಳನ್ನೂ ಓದಿಯೇ ಎಸೆಯಬೇಕು. ಆದರೆ ಈ ವಿಧಾನದಲ್ಲಿ ನೇರವಾಗಿ 37ನೆಯ ಪುಟಕ್ಕೆ ಹಾರಲಾಗದು.