‘ವಾರ್ಡ್ ಆಫ್’: ಒಂದು ಆಂಗ್ಲ ನುಡಿಗಟ್ಟಿನ ವಿವೇಚನೆ

‘ಕಷ್ಟಕಾಲದಲ್ಲಿ ಗೆಳೆಯನು ಕೈಕೊಟ್ಟನು’ ಎಂಬ ಮಾತನ್ನು ಕೇಳಿ, ಗೆಳೆಯನು ನೆರವಾದನೆಂದು ಯಾವ ಕನ್ನಡಿಗನೂ ತಿಳಿಯಲಾರನು. ‘ಕೈ’ ಮತ್ತು ‘ಕೊಡು’ ಎಂಬೆರಡು ಪದಗಳು ಕೂಡಿದಲ್ಲಿ ಮೂರನೆಯದೊಂದು ಅರ್ಥ ಹುಟ್ಟುತ್ತದೆ. ಆಂಗ್ಲಭಾಷೆಯ ಕ್ರಿಯಾಪದಗಳೂ ‘ಆಫ್’, ‘ಅಪ್’ ಮೊದಲಾದ ಕಿರುಪದಗಳೊಡನೆ ಸೇರಿ ಹೀಗೆಯೇ ಹೊಸ ಅರ್ಥ ತಾಳುತ್ತವೆ. ಅವುಗಳಲ್ಲಿ ‘ವಾರ್ಡ್ ಆಫ್’ ಎಂಬುದೊಂದನ್ನು ಇಲ್ಲಿ ವಿವೇಚಿಸೋಣ.

‘ವಾರ್ಡ್’ ಎಂಬುದರ ಮೂಲಾರ್ಥ ಕಾವಲು. ಆಸ್ಪತ್ರೆಯ ವಾರ್ಡು, ಪುರಸಭೆಯ ವಾರ್ಡು, ವಸತಿಗೃಹದ ವಾರ್ಡನ್ ಇವೆಲ್ಲವೂ ಆ ಮೂಲದವೇ. ‘ಗಾರ್ಡ್’ ಎಂಬುದೂ ಅದರ ಒಡಹುಟ್ಟು. ‘ಆಫ್’ ಎಂದರೆ ಇಲ್ಲಿ ಆಚೆಗೆ. ಆದುದರಿಂದ ‘ವಾರ್ಡ್ ಆಫ್’ ಎಂದರೆ ಬರುತ್ತಿರುವ ಕೇಡನ್ನು ತಾಗಗೊಡದೆ ಆಚೆಗೆ ಸರಿಸುವುದು.

‘ಪ್ರಿವೆಂಟ್’ ಎಂಬ ಪದವು ಕೇಡು ಹುಟ್ಟದಂತೆಯೇ ಮಾಡುವುದಕ್ಕೂ ಸಲ್ಲುತ್ತದೆ. ‘ವಾರ್ಡ್ ಆಫ್’ ಎಂಬಲ್ಲಿ ಎದುರಿನಿಂದ ಬರುವ ಅಪಾಯದ ಭಾವವಿದೆ. ನಮ್ಮ ಸಡಾ ಗುಡ್ಡದ ಕೆಳಗಿನ ಮುರಗಾಂವ ಬಂದರಿನ ಅಲೆತಡೆಗೋಡೆಯನ್ನು ನೆನೆಯಿರಿ. ಕಡಲಿನಲ್ಲಿ ಅಲೆಯೇ ಏಳದಂತೆ ಅದು ಮಾಡಲಾರದು. ಎದ್ದು ಬಂದ ಅಲೆಯ ಹೊಡೆತ ಹಡಗುಗಳಿಗೆ ತಾಗದಂತೆ ಕಾಯುತ್ತದೆ. ಕೂಸಿನ ಕೆನ್ನೆಗೆ ತಾಯಿ ಇಡುವ ದೃಷ್ಟಿಬೊಟ್ಟಿನ ಉದ್ದೇಶವನ್ನು ಆಂಗ್ಲದಲ್ಲಿ ‘ಟು ವಾರ್ಡ್ ಆಫ್ ದಿ ಈವಿಲ್ ಐ’ ಎಂದೇ ಹೇಳುತ್ತಾರೆ.

ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದುದು ಕರ್ಮಪದವನ್ನು. ‘ತಾಯಿ ಮಗುವನ್ನು ಕಾಪಾಡಿದಳು’ ಎಂಬಲ್ಲಿ ಕರ್ಮಪದ ಮಗು. ಇದನ್ನೇ ಪದಕ್ಕೆ ಪದವಿಟ್ಟು ‘ದಿ ಮದರ್ ವಾರ್ಡೆಡ್ ಆಫ್ ದಿ ಚೈಲ್ಡ್’ ಎಂದು ಬರೆದರೆ, ತಾಯಿಯು ಮಗುವನ್ನೇ ಆಚೆಗೆ ದೂಡಿದಳೆಂಬ ವಿಪರೀತಾರ್ಥವಾಗುತ್ತದೆ! ಈ ನುಡಿಗಟ್ಟಿನ ಕರ್ಮಪದವು ಯಾವಾಗಲೂ ದೂರವಿಡಬೇಕಾದ ಕೇಡು: ಏಟು, ಚಳಿ, ಹಸಿವು, ರೋಗ. ಸರ್ವನಾಮ ಬಂದರೆ ಅದು ನಡುವೆ ನಿಲ್ಲಬೇಕು. ‘ವಾರ್ಡ್ ಇಟ್ ಆಫ್’ ಎಂಬುದು ಶುದ್ಧ, ‘ವಾರ್ಡ್ ಆಫ್ ಇಟ್’ ಎಂಬುದು ಅಶುದ್ಧ.

ಪಾಲಕರಿಗೂ ಒಂದು ಮಾತು. ಆಂಗ್ಲದಲ್ಲಿ ಬರುವ ಶಾಲಾಪತ್ರಗಳಲ್ಲಿ ‘ಯುವರ್ ವಾರ್ಡ್’ ಎಂದಿದ್ದರೆ, ತಮ್ಮ ಪಾಲನೆಯಲ್ಲಿರುವ ಮಗು ಎಂದರ್ಥ. ‘ವಾರ್ಡ್’ ಕಾವಲಿನ ಒಳಗಿರುವವನು. ‘ವಾರ್ಡ್ ಆಫ್’ ಮಾಡಿದುದು ಕಾವಲಿನ ಹೊರಗೆ ನಿಂತುದು. ಈ ಒಳಹೊರಗಿನ ಭೇದವನ್ನು ಮನಗಂಡವನು ಈ ನುಡಿಗಟ್ಟಿನಲ್ಲಿ ಎಡವಲಾರನು.