ಯಂತ್ರ ನಿಲ್ಲಿಸುವ ಹೊತ್ತು

1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಅವರು 18 ವರ್ಷದ ಯುವತಿಯೊಬ್ಬಳ ಹೃದಯದ ರಂಧ್ರ ಮುಚ್ಚಿದರು. ಆ ಹೊತ್ತಿನಲ್ಲಿ ಅವಳ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಒಂದು ಯಂತ್ರ ಮಾಡಿತು. ಅಂದಿನಿಂದ ಆ ಯಂತ್ರವನ್ನು ಹೊಗಳುವವರೆಲ್ಲ ಅದು ನಿಲ್ಲದೆ ಓಡುವುದನ್ನೇ ಹೊಗಳುತ್ತಾರೆ. ಆದರೆ ಅದರ ನಿಜವಾದ ಪರೀಕ್ಷೆ ಇರುವುದು ಅದನ್ನು ನಿಲ್ಲಿಸಲೇಬೇಕಾದ ಶಸ್ತ್ರಚಿಕಿತ್ಸೆಯಲ್ಲಿ. ಹೃದಯದಿಂದ ಹೊರಟ ಮಹಾಪಧಮನಿ ಮೇಲೇರಿ, ಕಮಾನಿನಂತೆ ಬಾಗಿ, ಬೆನ್ನುಮೂಳೆಯ ಪಕ್ಕ ಇಳಿಯುತ್ತದೆ. ತಲೆಗೂ ತೋಳುಗಳಿಗೂ ರಕ್ತ ಒಯ್ಯುವ ನಾಳಗಳು ಕವಲೊಡೆಯುವುದು ಈ ಬಾಗಿನಲ್ಲೇ. ಅದು ಉಬ್ಬಿದರೆ ಅಥವಾ ಅದರ ಪದರ ಸೀಳಿದರೆ ಕತ್ತರಿಸಿ ಕೃತಕ ನಾಳ ಹೊಲಿಯಬೇಕು. ಯಂತ್ರ ರಕ್ತ ತಳ್ಳುತ್ತಲೇ ಇದ್ದರೆ ಹೊಲಿಯುವ ಜಾಗವೇ ಕಾಣದು. ಸೀಳಿದ ಗೋಡೆಗೆ ಕ್ಲ್ಯಾಂಪ್ ಹಾಕುವುದೂ ಅಪಾಯ.

ನಿಲ್ಲಿಸಿದರೆ ಮಿದುಳಿನ ಗತಿಯೇನು? ದೇಹದ ತೂಕದಲ್ಲಿ ಅದರ ಪಾಲು ಶೇಕಡ 2ರಷ್ಟು, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡ 20ರಷ್ಟು ಅದಕ್ಕೇ ಬೇಕು. ಮಾಮೂಲಿ ಉಷ್ಣತೆಯಲ್ಲಿ ರಕ್ತ ನಿಂತರೆ ನಾಲ್ಕೈದು ನಿಮಿಷದಲ್ಲೇ ಹಾನಿ ಶುರುವಾಗುತ್ತದೆ. ದೇಹವನ್ನು ತಣಿಸಿದರೆ ಈ ಬೇಡಿಕೆ ಇಳಿಯುತ್ತದೆ. ಪ್ರತಿ ಡಿಗ್ರಿಗೆ ಶೇಕಡ 6-7ರಷ್ಟು. ಯಂತ್ರದೊಳಗೆ ರಕ್ತದ ಬಿಸಿ ಹೆಚ್ಚುಕಡಿಮೆ ಮಾಡುವ ಭಾಗವಿರುವುದರಿಂದ ಇಡೀ ದೇಹವನ್ನು ತಣಿಸಲು ಬೇರೆ ಸಾಧನ ಬೇಕಾಗಲಿಲ್ಲ. 1975ರಲ್ಲಿ ರಾಂಡಲ್ ಗ್ರೀಪ್ ಮತ್ತು ಸಂಗಡಿಗರು ಹೀಗೆ ಆಳವಾಗಿ ತಣಿಸಿ, ರಕ್ತಸಂಚಾರವನ್ನೇ ನಿಲ್ಲಿಸಿ, ಕಮಾನನ್ನು ಬದಲಿಸಿದ ರೋಗಿಗಳ ವರದಿ ಪ್ರಕಟಿಸಿದರು. ಹಾಗಿದ್ದರೆ ಇನ್ನಷ್ಟು ತಣಿಸಿ ಇನ್ನಷ್ಟು ಹೊತ್ತು ಕೆಲಸ ಮಾಡಬಹುದಲ್ಲ ಎಂದು ಕೇಳಬಹುದು. ಆಗದು. ತಣಿದ ಮಿದುಳು ಆಮ್ಲಜನಕದ ಬಳಕೆಯನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. 18 ಡಿಗ್ರಿಯಲ್ಲೂ ನಿಶ್ಚಿಂತೆಯಿಂದ ಸಿಗುವುದು ಸುಮಾರು 20ರಿಂದ 30 ನಿಮಿಷ. ಅದರ ಮೇಲೆ, ಆಳದ ತಂಪು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಹೊಲಿಗೆ ಮುಗಿದ ಮೇಲೂ ರಕ್ತಸ್ರಾವ ನಿಲ್ಲದೆ ಕಾಡುತ್ತದೆ.

ಆದ್ದರಿಂದ ಈಗ ಅನೇಕ ಕಡೆ ಅನುಸರಿಸುವ ದಾರಿ ಬೇರೆ: ದೇಹದ ಉಳಿದ ಭಾಗಕ್ಕೆ ರಕ್ತ ನಿಲ್ಲಿಸಿ ಮಿದುಳಿಗೆ ಮಾತ್ರ ಕೊಡುವುದು. ಸಾಮಾನ್ಯವಾಗಿ ಬಲ ಕಂಕುಳಿನ ಅಪಧಮನಿಯ ಮೂಲಕ, ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 10 ಮಿಲಿಲೀಟರ್. ಅಂದರೆ ನಿಮಿಷಕ್ಕೆ ನಾಲ್ಕು ಲೀಟರಿನಷ್ಟು ತಳ್ಳುತ್ತಿದ್ದ ಪಂಪು 60 ಕಿಲೋ ತೂಕದವರಿಗೆ ಅರ್ಧ ಲೀಟರಿನ ಆಸುಪಾಸಿಗೆ ಇಳಿಯಬೇಕು. ಕಡಿಮೆಯಾದರೆ ಮಿದುಳು ಸೊರಗುತ್ತದೆ, ಹೆಚ್ಚಾದರೆ ಬಾತುಕೊಳ್ಳುತ್ತದೆ. ಹಣೆಯ ಎರಡೂ ಬದಿ ಅಂಟಿಸಿದ ಸಂವೇದಕಗಳು ಅವರೋಹಿತ ಬೆಳಕಿನಿಂದ ಒಳಗಿನ ಆಮ್ಲಜನಕವನ್ನು ಅಳೆಯುತ್ತಿರುತ್ತವೆ. ಬಲಗಡೆಯ ಅಂಕಿ ಸ್ಥಿರವಾಗಿದ್ದು ಎಡಗಡೆಯದು ಇಳಿಯತೊಡಗಿದರೆ, ಮಿದುಳಿನ ಬುಡದಲ್ಲಿ ಎಡ-ಬಲ ನಾಳಗಳನ್ನು ಕೂಡಿಸುವ ಉಂಗುರ ಆ ರೋಗಿಯಲ್ಲಿ ಪೂರ್ಣವಾಗಿಲ್ಲದಿರಬಹುದು. ಆಗ ಎಡಗಡೆಯ ನಾಳಕ್ಕೂ ಇನ್ನೊಂದು ಕೊಳವೆ ಹಾಕಬೇಕು. ಮಿದುಳಿಗೆ ರಕ್ತ ಸಿಗುತ್ತಿರುವಾಗ ತಣಿಸುವುದಾದರೂ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆನ್ನುಹುರಿ, ಮೂತ್ರಪಿಂಡ, ಯಕೃತ್ತುಗಳಿಗೆ ಆ ಹೊತ್ತಿನಲ್ಲಿ ರಕ್ತವಿಲ್ಲ. ಅವುಗಳ ಸಲುವಾಗಿ 24ರಿಂದ 28 ಡಿಗ್ರಿಯ ಮಧ್ಯಮ ತಂಪಾದರೂ ಬೇಕು.

ಹೊಲಿಗೆ ಮುಗಿದ ಮೇಲಿನ ಹಂತಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ. ಮತ್ತೆ ಬಿಸಿ ಮಾಡುವಾಗ ಆತುರಪಟ್ಟರೆ ತಣಿಸಿ ಗಳಿಸಿದ್ದೆಲ್ಲ ಕೈಬಿಟ್ಟುಹೋಗುತ್ತದೆ. ಬಿಸಿಲಿಗಿಟ್ಟ ಸೋಡಾದಲ್ಲಿ ಗುಳ್ಳೆ ಏಳುವಂತೆ, ತಣ್ಣನೆಯ ರಕ್ತವನ್ನು ಒಮ್ಮೆಲೇ ಬಿಸಿ ಮಾಡಿದರೆ ಕರಗಿದ್ದ ಅನಿಲ ಬೇರ್ಪಡುತ್ತದೆ. ಅದಕ್ಕೇ ಯಂತ್ರಕ್ಕೆ ಬರುವ ರಕ್ತಕ್ಕೂ ಅಲ್ಲಿಂದ ಹೋಗುವ ರಕ್ತಕ್ಕೂ 10 ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು, ಹೋಗುವ ರಕ್ತ 37 ಡಿಗ್ರಿ ದಾಟಬಾರದು. ಮಿದುಳಿಗೆ ಹೋಗುವ ರಕ್ತ ಜ್ವರದಷ್ಟು ಬಿಸಿಯಾದರೆ ಆಗಲೇ ಬಳಲಿದ ಜೀವಕೋಶಗಳು ಇನ್ನಷ್ಟು ನೋಯುತ್ತವೆ. ನಿಧಾನ ಮಾಡಿದರೆ ಯಂತ್ರದ ಮೇಲಿನ ಹೊತ್ತು ಬೆಳೆಯುತ್ತದೆ, ಅದರಿಂದ ಉರಿಯೂತವೂ ರಕ್ತಸ್ರಾವವೂ ಹೆಚ್ಚುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ರಕ್ತಸ್ರಾವಕ್ಕೆ ಔಷಧಿಯುಂಟು, ರಕ್ತದ ಬಾಟಲಿಯುಂಟು. ಸತ್ತ ಮಿದುಳಿನ ಕೋಶಕ್ಕೆ ಏನೂ ಇಲ್ಲ.

ಇಷ್ಟೆಲ್ಲ ಅಂಕಿಗಳಿರುವಾಗ ಕಂಪ್ಯೂಟರಿಗೇ ಬಿಡಬಹುದಲ್ಲ ಎನ್ನುವವರಿದ್ದಾರೆ. ಎಚ್ಚರಿಕೆಯ ಗಂಟೆ ಬಾರಿಸಲು ಅದು ಖಂಡಿತ ಬೇಕು. ಆದರೆ ಮೂಗಿನ ಹಿಂಭಾಗದ ಉಷ್ಣಮಾಪಕ ಒಂದು ಹೇಳಿ, ಮೂತ್ರಕೋಶದ್ದು ಇನ್ನೊಂದು ಹೇಳಿ, ಸರ್ಜನ್ ಇನ್ನೂ ಐದು ನಿಮಿಷ ಕೇಳಿದಾಗ ಈ ರೋಗಿಗೆ ಯಾವುದು ಮುಖ್ಯ ಎಂದು ತೂಗಿ ನೋಡಬೇಕು. ಆ ಹೊಣೆ ಯಂತ್ರದ ಮುಂದೆ ಕೂತ ಪರ್ಫ್ಯೂಷನಿಸ್ಟ್, ಅರಿವಳಿಕೆ ವೈದ್ಯರು ಮತ್ತು ಸರ್ಜನ್ ಮೂವರದೂ ಹೌದು. ಶಸ್ತ್ರಚಿಕಿತ್ಸೆ ಗೆದ್ದಾಗ ಸರ್ಜನ್ ಹೆಸರೊಂದೇ ಕೇಳಿಬರುವುದು ಸರಿಯಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿ, ವೈದ್ಯಕೀಯ ಸೀಟು ಸಿಗದೆ ಬೇಸರಗೊಂಡ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ತಿಳಿಸಿ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಪರ್ಫ್ಯೂಷನ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ. ಪದವಿ ಇದೆ.