ಸುತ್ತೂರಿನ ಒಂದು ಎಕರೆ, ನಮ್ಮ ಒಂದು ಬಕೆಟ್

ಕಳೆದ ಜೂನ್ 5ರ ಪರಿಸರ ದಿನಕ್ಕೆ ನಮ್ಮ ಕಾಲೇಜಿನಲ್ಲಿ 'ನೀರು ಉಳಿಸಿ' ಎಂಬ ಭಿತ್ತಿಪತ್ರ ಬರೆದವಳು ನಾನೇ. ಬಣ್ಣ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು. ಅದನ್ನು ಅಂಟಿಸಿದ ಗೋಡೆಯ ಕೆಳಗೇ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಹಾಗಾಗಿ ನಾವೆಲ್ಲ ಓದಿದ್ದೇವೆ, ಅಂಕವನ್ನೂ ಪಡೆದಿದ್ದೇವೆ. ಆದರೆ ಓದಿದ್ದು ಅಭ್ಯಾಸವಾಗುವುದು ಹೇಗೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಸುತ್ತೂರು ಜಾತ್ರೆಯಲ್ಲಿ.

ಕಪಿಲಾ ನದಿಯ ದಡದ ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಜಾತ್ರೆಯ ಕೃಷಿ ಮೇಳದಲ್ಲಿ ಒಂದೇ ಎಕರೆಯೊಳಗೆ ಧಾನ್ಯ, ತರಕಾರಿ, ಹೂವು, ಮೇವು ಎಲ್ಲವನ್ನೂ ಬೆಳೆದು ತೋರಿಸುತ್ತಾರೆ. 'ಕೃಷಿ ಬ್ರಹ್ಮಾಂಡ' ಎಂದು ಅದರ ಹೆಸರು. ಅಲ್ಲಿ ರೈತರು ಭಾಷಣಕ್ಕೆ ಕಾಯುವುದಿಲ್ಲ, ಬಗ್ಗಿ ಮಣ್ಣು ಮುಟ್ಟಿ ನೋಡುತ್ತಾರೆ. ಅಬ್ಬಾನೂ ಹಾಗೇ ಮಾಡಿದರು. ಬುಡಕ್ಕೆ ಒಣಹುಲ್ಲು ಹೊದಿಸಿದರೆ ಬಿಸಿಲು ನೇರವಾಗಿ ಮಣ್ಣಿಗೆ ತಾಗದೆ ನೀರು ನಿಧಾನವಾಗಿ ಆವಿಯಾಗುತ್ತದೆ ಎಂದು ನಾನು ಪುಸ್ತಕ ಹಿಡಿದು ಎಷ್ಟೋ ಸಲ ಹೇಳಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು. ಜಾತ್ರೆಯಿಂದ ಬಂದ ಮರುವಾರ ನಮ್ಮ ಬದನೆ ಪಾತಿಗೆ ಹುಲ್ಲು ಬಿತ್ತು!

ಹಾಗೆಂದು ತೋರಿಸಿದರೆ ಸಾಕು ಎಂದೂ ಹೇಳಲಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದಿಂದ ಮಾಲೀಕನಿಗೆ ಹುಣಸೆಹಣ್ಣಿನ ಆದಾಯ ತಪ್ಪುತ್ತದೆ. ಅದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಕೆಳಗೆ ಬಿದ್ದ ಮರಿಗಳನ್ನು ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ಸಾಕಿ ಬಿಡುತ್ತದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಬಡವನ ನಷ್ಟದ ಲೆಕ್ಕ ಹಿಡಿಯದೆ ಅವನಿಗೆ ಪರಿಸರದ ಪಾಠ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಭಿತ್ತಿಪತ್ರ ಬಿಟ್ಟು ಬಕೆಟ್ ಹಿಡಿದೆವು. ಆ ನಲ್ಲಿ ಸೆಕೆಂಡಿಗೆ ಒಂದು ಹನಿ ಬೀಳುತ್ತಿತ್ತು. ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದುಕೊಂಡರೂ ನಾಲ್ಕು ಲೀಟರಿಗಿಂತ ಹೆಚ್ಚು. ಲೆಕ್ಕ ಬರೆದು ಕಚೇರಿಗೆ ಕೊಟ್ಟೆವು, ಎರಡೇ ದಿನದಲ್ಲಿ ವಾಷರ್ ಬದಲಾಯಿತು. ಆಮೇಲೆ ಝುಹರ್ ನಮಾಜಿಗೆ ವುಝೂ ಮಾಡುವಾಗ ನಲ್ಲಿಯ ಕೆಳಗೆ ಅದೇ ಬಕೆಟ್ ಇಟ್ಟೆವು. ನಲ್ಲಿ ಬಿಟ್ಟುಕೊಂಡೇ ಮಾಡಿದವಳಿಗೆ ಅರ್ಧ ಬಕೆಟ್ ತುಂಬಿತು. ಅವಳೇ ಮರುದಿನ ಚೊಂಬು ಹಿಡಿದಳು, ಎರಡು ಚೊಂಬು ಸಾಕಾಯಿತು. ನಾವು ಯಾರೂ ಅವಳಿಗೆ ಏನೂ ಹೇಳಿರಲಿಲ್ಲ.

ಬಕೆಟ್ ಈಗ ಹುಡುಗರ ಕಡೆಯ ನಲ್ಲಿಗೆ ಹೋಗಿದೆ. ಅವರ ಲೆಕ್ಕ ಇನ್ನೂ ಬಂದಿಲ್ಲ.